ಲವಂಗದ ಕೈ

ಎರ್ಸಿಲಿಯಾ ಏನೂ ಅನ್ನಲಿಲ್ಲ. ಆಲ್ಬಾ ಸ್ಟೇಷನ್ನಿನ ಗಡಿಯಾರದ ಕೆಳಗೆ ಸಿಲ್ವಾನಾಳ ಎಡಗೆನ್ನೆಗೊಂದು ಬಲಗೆನ್ನೆಗೊಂದು ಮುತ್ತಿಟ್ಟು, ಅವಳ ಎರಡೂ ಕೈಗಳನ್ನು ತಮ್ಮ ಕಂದು ಕೈಗವಸುಗಳ ನಡುವೆ ಹಿಡಿದು, ಬಾ, ಬೇಗ ಹತ್ತಿದರೆ ಕಿಟಕಿ ಸೀಟು ಸಿಗುತ್ತೆ ಎಂದರು, ಅಷ್ಟೆ. ಈಗ ಅಂದಾರು ಎಂದು ಸಿಲ್ವಾನಾ ಕಾದಳು. ನಿನ್ನೆ ಸಂಜೆ, ತಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ, ಕಪಾಟು ಮುಚ್ಚುವಾಗ ಲವಂಗದೆಣ್ಣೆಯ ಸೀಸೆ ಕೈಜಾರಿ ಒಡೆದಿತ್ತು. ಎಣ್ಣೆ ಬೆರಳುಗಳ ಸಂದಿಗೆ, ಉಗುರುಗಳ ಬುಡಕ್ಕೆ, ಇದ್ದದ್ದೊಂದೇ ಒಳ್ಳೆಯ ಕೋಟಿನ ತೋಳಿನಂಚಿಗೆ ಇಳಿದಿತ್ತು. ಸೋಪು, ನಿಂಬೆಹೋಳು, ಕಾಫಿಪುಡಿ ಎಲ್ಲ ಹಾಕಿ ತಿಕ್ಕಿದ್ದಳು. ಆದರೂ ಬೆಳಗ್ಗೆ ಎದ್ದಾಗ ದಿಂಬು ಕೂಡ ಹಲ್ಲಿನ ಡಾಕ್ಟರ ಕುರ್ಚಿಯ ಹಾಗೆ ನಾರುತ್ತಿತ್ತು. ಇಂಥ ಕೈಯನ್ನು ಹಿಡಿದೂ ಸುಮ್ಮನಿರುವ ಹೆಂಗಸಲ್ಲ ಎರ್ಸಿಲಿಯಾ. ಮದುವೆಯಾದ ಮೊದಲ ವರ್ಷ, ಅತ್ತೆಮನೆಯ ಭಾನುವಾರದ ಊಟದ ಮೇಜಿನಲ್ಲಿ ಅವಳು ಬ್ರೆಡ್ಡಿನ ಬುಟ್ಟಿಯನ್ನು ಎತ್ತಿ ಮುಂದೆ ಹಿಡಿದಾಗ, "ಅಲ್ಲೇ ಇರಲಿ ಮಗಳೆ, ಬ್ರೆಡ್ಡಿಗೆ ಹಲ್ಲುನೋವು ಬಂದೀತು" ಎಂದಿದ್ದವರು. ಮೇಜಿನ ಸುತ್ತ ಕೂತವರೆಲ್ಲ ನಕ್ಕಿದ್ದರು. ಗಂಡ ಕೊರ್ರಾದೊ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿದ್ದ. ಆಮೇಲೆ ಆ ಮನೆಯಲ್ಲಿ ಅವಳು 'ಲವಂಗದ ಕೈ'ಯಾದಳು. ಕೊರ್ರಾದೊ ಬಿಟ್ಟುಹೋಗಿ ಮೂರು ವರ್ಷವಾದರೂ ಆ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ, ಹಾಲಿನ ಡಬ್ಬಿ ತೆಗೆಯುವಾಗಲೂ ಕೈಯನ್ನು ಒಮ್ಮೆ ಮೂಗಿನ ಹತ್ತಿರ ತಂದು ನೋಡಿಕೊಳ್ಳುವಷ್ಟು.

ಹಾಗಿರುವಾಗ ಈ ಹೊತ್ತು ಏನೂ ಅನ್ನಲಿಲ್ಲವೆಂದರೆ, ಅವರಿಗೆ ಏನೋ ಬೇಕಾಗಿದೆ. ಬೇಕಾದ್ದೇನೆಂಬುದೂ ಸಿಲ್ವಾನಾಳಿಗೆ ಗೊತ್ತಿತ್ತು. ಭಾನುವಾರ ಕೊರ್ರಾದೊ ಜಿನೀವಾದಿಂದ ಫೋನು ಮಾಡಿದ್ದ. ಅಮ್ಮ ನಿನ್ನನ್ನು ತೊರಿನೊಗೆ ಊಟಕ್ಕೆ ಕರೀತಾರೆ, ಹೋಗು, ಜೆಮ್ಮಾ ವಿಷಯ ಏನೋ ಮಾತಾಡಬೇಕಂತೆ, ಸ್ವಲ್ಪ ಸಮಾಧಾನವಾಗಿ ಕೇಳು, ಎಂದಿದ್ದ. ಬಿಟ್ಟುಹೋಗುವ ದಿನವೂ ಅವನು ಹೇಳಿದ್ದು ಇದೇ ಸಮಾಧಾನವನ್ನು. ಈ ವರ್ಷ ಎರಡು ಸಲ ಅವನು ಮಗಳನ್ನು ಕೇಳಿದ್ದ. ಜಿನೀವಾದ ಶಾಲೆ, ಕೆರೆ ಕಾಣುವ ಕೋಣೆ, ಗೋಡೆಗೆ ಆಗಲೇ ಹಳದಿ ಬಣ್ಣ ಹೊಡೆಸಿದ್ದಾನಂತೆ. ಎರಡು ಸಲವೂ ಅವಳು ಇಲ್ಲವೆಂದಿದ್ದಳು. ಆದರೆ ಇಲ್ಲವೆನ್ನುವ ಬಾಯಿಗೆ ಬಲವಿರಲಿಲ್ಲ. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟು, ದೀಪ ಹತ್ತಿದ ಮೇಲೆ ಬರುವವಳು ಅವಳು. ಶಾಲೆಯಿಂದ ಜೆಮ್ಮಾಳನ್ನು ಕರೆತರುವುದು ಎರ್ಸಿಲಿಯಾ, ಊಟ ಹಾಕುವುದು ಎರ್ಸಿಲಿಯಾ, ಮಗ್ಗಿ ಕೇಳುವುದು ಎರ್ಸಿಲಿಯಾ. ಮಗು ಬೆಳೆಯುತ್ತಿರುವುದು ಯಾರ ಮನೆಯಲ್ಲಮ್ಮ ಎಂದು ಯಾರಾದರೂ ಕರಿಕೋಟಿನವರು ಕೇಳಿದರೆ ಏನು ಹೇಳುವುದು? ಹಾಸಿಗೆಯಲ್ಲಿ ಜೆಮ್ಮಾ ಅವತ್ತಿನ ಕಥೆಯನ್ನೆಲ್ಲ ಹೇಳುತ್ತಿರುವಾಗ ತಾನು ನಡುವೆಯೇ ನಿದ್ದೆಹೋಗಿ, ಮಗುವೇ ತನಗೆ ಹೊದಿಕೆ ಎಳೆದು ಹೊದಿಸಿದ್ದನ್ನು ಅರೆನಿದ್ದೆಯಲ್ಲಿ ತಿಳಿದೂ ಕಣ್ಣು ತೆರೆಯಲಾಗದೆ ಹೋದ ರಾತ್ರಿಗಳು ಅವಳಿಗೆ ನೆನಪಿದ್ದವು. ಅವನ್ನು ಯಾರೂ ನೋಡಿರಲಿಲ್ಲ. ಆದರೂ ಎರ್ಸಿಲಿಯಾ ಬಲ್ಲರೇನೋ ಎನಿಸುತ್ತಿತ್ತು.

ರೈಲು ದ್ರಾಕ್ಷಿಗುಡ್ಡಗಳನ್ನು ಬಿಟ್ಟು ಬಯಲಿಗಿಳಿಯಿತು. ಹೊರಗೆ ನವೆಂಬರಿನ ಮಂಜು, ಅದರಲ್ಲಿ ತಲೆಯಷ್ಟೇ ಕಾಣುವ ಪಾಪ್ಲರ್ ಮರಗಳು. ಎದುರಿಗೆ ಕೂತ ಎರ್ಸಿಲಿಯಾ ಕಿವಿಗೆ ಸಣ್ಣ ಮುತ್ತು, ಕತ್ತಿಗೆ ಸಾಸಿವೆ ಬಣ್ಣದ ರೇಷ್ಮೆ ವಸ್ತ್ರ ಹಾಕಿಕೊಂಡು, ಬೆನ್ನನ್ನು ಸೀಟಿಗೆ ಒರಗಿಸದೆ ಕೂತಿದ್ದರು. ಜೆಮ್ಮಾ ಹೇಗಿದ್ದಾಳೆ ಎಂದು ಕೇಳಿದರು. ದಿನಾ ಅವಳಿಗೆ ಉಣ್ಣಿಸುವವರು ತಾಯಿಯನ್ನು ಈ ಪ್ರಶ್ನೆ ಕೇಳಬೇಕೆ? ಚೆನ್ನಾಗಿದ್ದಾಳೆ ಎಂದಳು ಸಿಲ್ವಾನಾ. ಏನಾದರೂ ಹೇಳ್ತಾಳಾ, ನಮ್ಮ ಮನೆ ವಿಷಯ? ಇಲ್ಲ, ಏನು ಹೇಳಬೇಕಿತ್ತು? ಏನಿಲ್ಲ, ಸುಮ್ಮನೆ ಕೇಳಿದೆ. ಸಿಲ್ವಾನಾ ಆ ಮಾತನ್ನು ಮಡಿಸಿ ಒಳಗಿಟ್ಟುಕೊಂಡಳು, ಆಮೇಲೆ ಬಿಡಿಸಿ ನೋಡಲು.

ಹೇಳುವುದೇನು ಬಂತು, ಮಗುವಿನ ಮೈಯಲ್ಲೇ ಎಲ್ಲ ಕಾಣುತ್ತಿತ್ತು. ಸೆಪ್ಟೆಂಬರಿನಿಂದೀಚೆಗೆ ಜೆಮ್ಮಾ ಪ್ರತಿಯೊಂದನ್ನೂ ಮೂಸತೊಡಗಿದ್ದಳು. ಹಾಲಿನ ಲೋಟಕ್ಕೆ ಮೊದಲು ಮೂಗು, ಆಮೇಲೆ ಬಾಯಿ. ಫ್ರಿಜ್ಜಿನ ಬಾಗಿಲು ತೆರೆದು ನಿಂತು ಒಂದೊಂದೇ ಡಬ್ಬಿಯ ಮುಚ್ಚಳ ಎತ್ತಿ, ಇದು ನಾಳೆವರೆಗೆ, ಇದು ಇವತ್ತೇ, ಇದು ಬೇಡ, ಎಂದು ಯಾರಿಗೋ ವರದಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳುವುದು. ತಾಯಿ ಮನೆಗೆ ಬಂದ ಕೂಡಲೇ ಅವಳ ಕೈ ಹಿಡಿದು ಮೂಸಿ, "ಲವಂಗ. ರಬ್ಬರು. ಕಿತ್ತಳೆ ಸಿಪ್ಪೆ" ಎಂದು ಕಣ್ಣುಮುಚ್ಚಿ ಹೇಳಿದ ದಿನ ಸಿಲ್ವಾನಾ ಕೈ ಕಿತ್ತುಕೊಂಡಿದ್ದಳು. ಇನ್ನು ಮೇಲೆ ಹಾಗೆ ಮಾಡಿದರೆ ನೋಡು ಎಂದು ಗದರಿದ್ದಳು. ಎಂಟು ವರ್ಷದ ಹುಡುಗಿಗೆ ಇದನ್ನು ಕಲಿಸಿದವರು ಯಾರೆಂದು ಬೇರೆ ಕೇಳಬೇಕಾಗಿರಲಿಲ್ಲ. ಮೂಗು ಆ ಮನೆಯ ಆಸ್ತಿ. ಎರ್ಸಿಲಿಯಾರ ಅಪ್ಪ ನಾಯಿ ಕಟ್ಟಿಕೊಂಡು ಗುಡ್ಡಗಳಲ್ಲಿ ಬಿಳಿ ಟ್ರಫಲ್ ಅಗೆಯುತ್ತಿದ್ದವನು. ಓಕ್ ಮರದ ಬೇರಿಗೆ ಅಂಟಿ ಮಣ್ಣೊಳಗೇ ಬೆಳೆಯುವ ಆ ಅಣಬೆಗಡ್ಡೆಯನ್ನು ಕತ್ತಲಲ್ಲಿ ಮೂಸಿಯೇ ತೂಕ ಹೇಳುತ್ತಿದ್ದನಂತೆ. ಮಗಳ ಮೂಗು ಅವನಿಗಿಂತ ಒಂದು ಕೈ ಮೇಲೆಂದು ಊರೆಲ್ಲ ಹೇಳುತ್ತಿತ್ತು. ಮದುವೆಮನೆಯ ಊಟಕ್ಕೆ ಮುಂಚೆ ಜನ ಗಡ್ಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎರ್ಸಿಲಿಯಾರ ಮನೆಗೆ ಬಂದು ಮೂಸಿಸಿಕೊಂಡು ಹೋಗುತ್ತಿದ್ದರು. ಈಗ ಆ ಮೂಗನ್ನು ಮಗುವಿಗೆ ಅಂಟಿಸುತ್ತಿದ್ದಾರೆ. ನಾಳೆ ಜಿನೀವಾದ ಮೇಜಿನಲ್ಲಿ ತಾಯಿಯ ಅಡಿಗೆಮನೆಯ ನೆನಪು ಬಂದರೂ ಮೂಗು ಮುರಿಯಲಿ ಎಂದು.

ತೊರಿನೊದಲ್ಲಿ ಇಳಿದಾಗ ಮಂಜು ಹರಿದಿತ್ತು. ಕಮಾನುಗಳ ಸಾಲಿನ ಕೆಳಗೆ ಎರ್ಸಿಲಿಯಾ ತಮ್ಮ ಹಳೆಯ ನಡಿಗೆಯಲ್ಲಿ, ಅಂಗಡಿಯ ಗಾಜುಗಳಿಗೆ ತಾವೂ ಕಾಣಿಸುತ್ತಿದ್ದೇವೆಂಬ ಅರಿವಿರುವ ನಡಿಗೆಯಲ್ಲಿ ನಡೆದರು. ಮೊದಲೆಲ್ಲ ಈ ಬೀದಿಯಲ್ಲಿ ಅವರು ನಿಲ್ಲುತ್ತಿದ್ದ ಜಾಗಗಳು ಸಿಲ್ವಾನಾಳಿಗೆ ಬಾಯಿಪಾಠ. ಬ್ರೆಡ್ಡು ಬೇಯಿಸುವವನ ಕಿಟಕಿ, ಹೇಜಲ್ ಬೀಜ ಹುರಿಯುವ ಚಾಕೊಲೇಟಿನವನ ಬಾಗಿಲು, ಅತ್ತರು ಸೋಪು ಮಾರುವ ಮುದುಕಿಯ ಅಂಗಡಿ. ಅಲ್ಲಂತೂ ಒಳಗೆ ಹೋಗದೆ, ಬಾಗಿಲಲ್ಲೇ ನಿಂತು ಮೂಗರಳಿಸಿ, "ಈ ಸಲ ಲ್ಯಾವೆಂಡರ್ ಕಲಬೆರಕೆ" ಎಂದು ತೀರ್ಪು ಕೊಟ್ಟು ಮುಂದೆ ಹೋಗುವುದು. ಇವತ್ತು ಯಾವುದರ ಮುಂದೆಯೂ ಕಾಲು ನಿಧಾನವಾಗಲಿಲ್ಲ. ಮನಸ್ಸೆಲ್ಲ ಮುಂದಿನ ಮಾತಿನ ಮೇಲಿದೆ, ಅಂದುಕೊಂಡಳು ಸಿಲ್ವಾನಾ. ಹೇಗೆ ಶುರುಮಾಡುವುದೆಂದು ಒಳಗೊಳಗೇ ಪದ ಜೋಡಿಸುತ್ತಿದ್ದಾರೆ.

ನಿಂತದ್ದು ಒಂದೇ ಕಡೆ, ಕೈಗವಸಿನ ಅಂಗಡಿಯಲ್ಲಿ. ಕೌಂಟರಿನ ಮೇಲೆ ವೆಲ್ವೆಟ್ಟಿನ ದಿಂಬು, ಅದರ ಮೇಲೆ ಮೊಣಕೈ ಊರಿ ಕೈಯೆತ್ತಿ ಹಿಡಿದರೆ ಅಂಗಡಿಯವಳೇ ಒಂದೊಂದು ಬೆರಳನ್ನೂ ಸವರಿ ತೊಡಿಸುತ್ತಾಳೆ. ಎರ್ಸಿಲಿಯಾ ತಮಗೆಂದು ನೋಡದೆ ಸಿಲ್ವಾನಾಳನ್ನು ಮುಂದಕ್ಕೆ ತಳ್ಳಿದರು. ಬೂದುಬಣ್ಣದ್ದು, ಈ ಕೋಟಿಗೆ ಒಪ್ಪುತ್ತೆ, ಚಳಿಗೆ ನಿನ್ನ ಕೈ ಒಡೆದಿದೆ ಎಂದರು. ಬೇಡ ಎಂದಳು ಸಿಲ್ವಾನಾ. ಬೇಡ ಅನ್ನಬೇಡ. ಇಲ್ಲ, ನಿಜವಾಗಿ ಬೇಡ. ಈ ಊರಿನಲ್ಲಿ ಎರಡು ಸಲ ಬೇಡವೆನ್ನುವುದು ಮರ್ಯಾದೆ, ಮೂರನೆಯ ಸಲ ಅಂದರೆ ಅವಮಾನ. ಮೂರನೆಯದು ಅವಳ ಬಾಯಿಂದ ಬರಲಿಲ್ಲ. ಅಂಗಡಿಯವಳು ಬೆರಳು ಹಿಡಿದವಳೇ ಒಂದು ಗಳಿಗೆ ತಡೆದು ಮೂಗಿನ ಹೊಳ್ಳೆಯನ್ನು ಸಣ್ಣಗೆ ಅಲುಗಿಸಿದಳು. ಸಿಲ್ವಾನಾಳ ಕಿವಿ ಬಿಸಿಯಾಯಿತು. ಎರ್ಸಿಲಿಯಾ ನಗುತ್ತ ನೋಡುತ್ತಿದ್ದರು. ಹಾಗಾದರೆ ಮಾತಿಗೆ ಬದಲು ಇದು. ಬಾಯಿಬಿಟ್ಟು ಅನ್ನದೆ ಕೈಯನ್ನು ತೊಗಲಿನೊಳಗೆ ಮುಚ್ಚಿಬಿಡುವುದು. ಎಷ್ಟು ಚೆಂದದ ತೊಗಲು, ಎಳೆಗರುವಿನ ಕಿವಿಯ ಹಾಗೆ ಮೆತ್ತಗಿದೆ. ತಾನು ಇಂಥದನ್ನು ಎಂದೂ ತೊಟ್ಟಿರಲಿಲ್ಲವೆಂಬುದು, ಅದರೊಳಗೆ ಬೆರಳುಗಳಿಗೆ ಸುಖವಾಗುತ್ತಿದೆಯೆಂಬುದು, ಆ ಸುಖ ತನಗೆ ಬೇಕೆಂಬುದು ಅವಳನ್ನು ಇನ್ನಷ್ಟು ಕೆರಳಿಸಿತು.

ಊಟಕ್ಕೆ ಮುಂಚೆ ಕಾಫಿಮನೆಗೆ ಹೋದರು. ಅಮೃತಶಿಲೆಯ ಪುಟ್ಟ ಮೇಜು, ಗಾಜಿನ ಲೋಟದಲ್ಲಿ ಕೆಳಗೆ ಬಿಸಿ ಚಾಕೊಲೇಟು, ನಡುವೆ ಕಾಫಿ, ಮೇಲೆ ತಣ್ಣನೆಯ ಕೆನೆ. ಅದನ್ನು ಕಲಸುವುದಿಲ್ಲ. ತಣ್ಣನೆಯದರ ಮೂಲಕ ಬಿಸಿಯದನ್ನು, ಬಿಳಿಯದರ ಮೂಲಕ ಕಪ್ಪನ್ನು ತುಟಿಗೆ ಎಳೆದುಕೊಳ್ಳಬೇಕು. ಕಲಸುವವರು ಕ್ಯಾಮರಾ ನೇತುಹಾಕಿಕೊಂಡು ಬಂದವರು. ಮದುವೆಯಾದ ಹೊಸದರಲ್ಲಿ ಸಿಲ್ವಾನಾ ಚಮಚ ಎತ್ತಿದಾಗ ಎರ್ಸಿಲಿಯಾ ಮಾತಿಲ್ಲದೆ ಅದನ್ನು ಅವಳ ಕೈಯಿಂದ ತೆಗೆದು ತಟ್ಟೆಯಲ್ಲಿಟ್ಟಿದ್ದರು. ಇವತ್ತು ಅದೇ ಎರ್ಸಿಲಿಯಾ ಚಮಚವನ್ನು ಲೋಟದ ತಳಕ್ಕೆ ಇಳಿಸಿ, ಮೂರೂ ಬಣ್ಣ ಒಂದಾಗಿ ಕೆಸರಾಗುವವರೆಗೆ ತಿರುವಿದರು. ಪಕ್ಕದ ಮೇಜಿನ ಹೆಂಗಸು ತಿರುಗಿ ನೋಡಿದಳು. ಸಿಲ್ವಾನಾ ಕಣ್ಣು ತಗ್ಗಿಸಿ, ಅಷ್ಟು ಕಷ್ಟದ ಮಾತೇ ಹಾಗಾದರೆ, ಅಂದುಕೊಂಡಳು. ಬರೀ ರಜಕ್ಕಲ್ಲ, ಮಗುವನ್ನು ಪೂರ್ತಿ ಕೇಳುತ್ತಾರೆ.

ಹೋಟೆಲಿನಲ್ಲಿ ಮೇಜು ಅದೇ, ಕನ್ನಡಿಯ ಕೆಳಗಿನದು. ಎರ್ಸಿಲಿಯಾರ ಅಪ್ಪ ಈ ಹೋಟೆಲಿಗೆ ಗಡ್ಡೆ ತಂದು ಮಾರುತ್ತಿದ್ದನು, ಹಿಂದಿನ ಅಡಿಗೆಮನೆಯ ಬಾಗಿಲಿಂದ, ಬೂಟು ಕಳಚಿ ಕೈಯಲ್ಲಿ ಹಿಡಿದು. ಅವನು ಸತ್ತ ಮೇಲೆ ಪ್ರತಿ ನವೆಂಬರಿನಲ್ಲೂ ಮಗಳು ಮುಂದಿನ ಬಾಗಿಲಿಂದ ಬಂದು ಕೂತು ಉಣ್ಣುತ್ತಾರೆ. ಗಂಡನ ಜೊತೆ, ಗಂಡ ಹೋದ ಮೇಲೆ ಮಗ ಸೊಸೆಯ ಜೊತೆ. ಕೊನೆಯ ಮೂರು ವರ್ಷ ಒಬ್ಬರೇ ಬಂದಿದ್ದರೋ, ಬಂದೇ ಇರಲಿಲ್ಲವೋ, ಸಿಲ್ವಾನಾಳಿಗೆ ತಿಳಿಯದು. ಹಳೆಯ ಬಡಿಸುವವನು ಸೆವೆರಿನೊ ಕುರ್ಚಿ ಎಳೆದು, "ಬನ್ನಿ ಮದಾಮಾ. ಕೂತ್ಕೊಳ್ಳಿ ಮದಮಿನ್" ಎಂದ. ಇಲ್ಲಿಯವರ ಮಾತಿನಲ್ಲಿ ಅತ್ತೆ ಬದುಕಿರುವವರೆಗೆ ಸೊಸೆ ಮದಮಿನ್, ಚಿಕ್ಕ ಯಜಮಾನಿ. ನಾನು ಈಗ ಸೊಸೆಯಲ್ಲ ಎಂದು ಅವನಿಗೆ ಹೇಳಬೇಕೆನಿಸಿತು ಸಿಲ್ವಾನಾಳಿಗೆ. ಹೇಳಬೇಕಾದವರು ಎರ್ಸಿಲಿಯಾ. ಅವರು ನ್ಯಾಪ್ಕಿನ್ನು ಬಿಡಿಸಿ ಮಡಿಲಿಗೆ ಹಾಸಿಕೊಳ್ಳುತ್ತಿದ್ದರು. ಅವರನ್ನು ಏನೆಂದು ಕರೆಯಬೇಕೆಂಬುದೂ ಅವಳಿಗೆ ತಿಳಿಯದೆ ಮೂರು ವರ್ಷವಾಗಿತ್ತು. ಅಮ್ಮ ಎನ್ನುವಂತಿಲ್ಲ, ಹೆಸರು ಹಿಡಿಯುವಂತಿಲ್ಲ. ದಿನಾ ಬಾಗಿಲಲ್ಲಿ ನಿಂತು, ಮಗುವಿನ ಚೀಲ ಇಸಕೊಂಡು, ಏನೂ ಕರೆಯದೆಯೇ ಮಾತಾಡಿ ಬರುತ್ತಿದ್ದಳು.

ಬೆಣ್ಣೆಯಲ್ಲಿ ಹೊರಳಿಸಿದ ಕೂದಲೆಳೆಯಂಥ ಶ್ಯಾವಿಗೆ, ಆಮೇಲೆ ಕಬ್ಬಿಣದ ಪುಟ್ಟ ಬಾಣಲೆಯಲ್ಲೇ ಮೇಜಿಗೆ ಬರುವ ಮೊಟ್ಟೆ, ಅದರ ಮೇಲೆ ಕಾಗದದಂತೆ ಹೆರೆದ ಗಡ್ಡೆ. ಹೆರೆಯುವ ಮುಂಚೆ ಒಂದು ಶಾಸ್ತ್ರವಿತ್ತು. ಸೆವೆರಿನೊ ಬಿಳಿ ಬಟ್ಟೆಯ ಮೇಲೆ ಎರಡು ಗಡ್ಡೆ ಇಟ್ಟು ತರುವನು. ಮೇಜಿಗೆ ಹಿರಿಯರಾದವರು ಮೂಸಿ ಒಂದನ್ನು ಆರಿಸುವರು. ಎಂಟು ವರ್ಷದ ಸಂಸಾರದಲ್ಲಿ ಒಮ್ಮೆ, ಒಂದೇ ಒಮ್ಮೆ, ಸಿಲ್ವಾನಾ ನಾನೂ ನೋಡಲೇ ಎಂದು ಕೈ ಚಾಚಿದ್ದಳು. "ಆ ಕೈ ಬೇಡಮ್ಮ" ಎಂದಿದ್ದರು ಎರ್ಸಿಲಿಯಾ, ಸೆವೆರಿನೊ ಎದುರಿಗೇ, ತಮಾಷೆಯ ದನಿಯಲ್ಲಿ.

ಇವತ್ತು ಬಟ್ಟೆ ಮುಂದೆ ಬಂದಾಗ ಎರ್ಸಿಲಿಯಾ ಅದನ್ನು ಎರಡು ಬೆರಳಿಂದ ಮೇಜಿನ ಆ ಕಡೆಗೆ ಸರಿಸಿದರು.

"ನೀನು ಆರಿಸು."

ಸೆವೆರಿನೊ ಎರ್ಸಿಲಿಯಾರನ್ನು ನೋಡಿದ, ಆಮೇಲೆ ಛಾವಣಿಯನ್ನು. ಸಿಲ್ವಾನಾ ಮೇಜಿನ ಕೆಳಗಿದ್ದ ಕೈಯನ್ನು ಮೇಲೆ ತಂದಳು. ಎಲ್ಲವೂ ಈಗ ಸ್ಪಷ್ಟವಾಗಿತ್ತು. ಮುತ್ತು, ಕೈಗವಸು, ಈಗ ಇದು. ತಲೆಮಾರಿನಿಂದ ಯಾರಿಗೂ ಕೊಡದ ಪಟ್ಟವನ್ನು ತೆಗೆದು ಅಂಗೈ ಮೇಲಿಟ್ಟು, ಅದರ ಬದಲಿಗೆ ಮಗುವನ್ನು ಕೇಳುವುದು. ಅವಳು ಮೊದಲ ಗಡ್ಡೆಯನ್ನು ಎತ್ತಿದಳು. ಕೈಯ ಲವಂಗವನ್ನು ಸೀಳಿಕೊಂಡು ವಾಸನೆ ಮೇಲೆ ಬಂತು. ಒದ್ದೆ ಹುಲ್ಲು, ಬೆಳ್ಳುಳ್ಳಿ, ಜೇನುಹಟ್ಟಿಯ ಒಳಗೋಡೆ, ಬೆವತ ಕುದುರೆಯ ಕತ್ತು. ಕಣ್ಣು ತಾನೇ ಮುಚ್ಚಿತು. ಎರಡನೆಯದು ನೋಡಲು ಇದಕ್ಕಿಂತ ದೊಡ್ಡದು, ಉರುಟಾದದ್ದು. ಮೂಗಿಗೆ ಹಿಡಿದರೆ ಒದ್ದೆ ರಟ್ಟಿನ ಪೆಟ್ಟಿಗೆಯ ವಾಸನೆ, ಅದರ ಹಿಂದೆ ಎಲ್ಲೋ ಸಣ್ಣಗೆ ಕೊಳೆತದ್ದು. ಸಣ್ಣ ಮಗುವಿಗೂ ತಿಳಿಯುವ ವ್ಯತ್ಯಾಸ. ಅವಳು ಎರಡನೆಯದನ್ನು ಎರ್ಸಿಲಿಯಾರ ಕಡೆ ಚಾಚಿದಳು.

"ಇದು."

ಹಾಗೆಂದ ಮೇಲೆ ತಾನು ಯಾಕೆ ಹಾಗೆಂದೆ ಎಂಬುದು ಅವಳಿಗೆ ತಿಳಿಯಿತು. ನೋಡೋಣ, ನನ್ನಿಂದ ಕೆಲಸ ಆಗಬೇಕಾಗಿರುವಾಗ ಈ ಹೆಂಗಸು ಎಷ್ಟು ನುಂಗುತ್ತಾರೆ. ಎರ್ಸಿಲಿಯಾ ಕೈ ಚಾಚಿ ಗಡ್ಡೆಯನ್ನು ತೆಗೆದುಕೊಂಡರು. ಹೆಬ್ಬೆರಳಿಂದ ಒಮ್ಮೆ ಸವರಿದರು. ಮೂಗಿನ ಹತ್ತಿರ ತಂದು ಕಣ್ಣುಮುಚ್ಚಿ, ಎದೆಯುಬ್ಬುವಷ್ಟು ಉಸಿರೆಳೆದು, ನಿಧಾನವಾಗಿ ಬಿಟ್ಟರು. "ಚೆನ್ನಾಗಿದೆ. ಅಪ್ಪನ ಗುಡ್ಡದ್ದರ ಹಾಗಿದೆ. ಜೇನು ಇದೆ, ಅಲ್ವಾ?" ಎಂದರು. ಸೆವೆರಿನೊ ಏನೋ ಹೇಳಲು ಬಾಯ್ತೆರೆದು, ಆ ಮುಖವನ್ನು ನೋಡಿ ಮುಚ್ಚಿಕೊಂಡ. ಹೆರೆದ. ಹೋಳುಗಳು ಹಳದಿಯ ಮೇಲೆ ಉದುರಿದವು. ಬಿಸಿ ತಾಗಿ ಆ ರಟ್ಟಿನ ವಾಸನೆ ಮೇಜಿನ ಮೇಲೆಲ್ಲ ಹರಡಿತು. ಎರ್ಸಿಲಿಯಾ ಅದನ್ನು ಒಂದು ಚೂರೂ ಉಳಿಸದೆ, ಬ್ರೆಡ್ಡಿನಿಂದ ಬಾಣಲೆಯನ್ನು ಒರೆಸಿ ತಿಂದರು. ತಿನ್ನುತ್ತ, ಮುಂಚೆ ಪ್ರತಿ ವರ್ಷ ಹೇಳುತ್ತಿದ್ದದ್ದನ್ನೇ ಹೇಳಿದರು, ಮೊದಲು ಬೆಳ್ಳುಳ್ಳಿ ಬರುತ್ತೆ, ಆಮೇಲೆ ಮಣ್ಣು, ಕೊನೆಗೆ ನಾಲಿಗೆಯ ಹಿಂದೆ ಜೇನು. ಅದೇ ಪದ, ಅದೇ ಸಾಲು. ಸಿಲ್ವಾನಾ ತನ್ನ ಬಾಣಲೆಯನ್ನು ಪಕ್ಕಕ್ಕೆ ಸರಿಸಿದಳು. ಇದು ನಯವಲ್ಲ. ನಯಕ್ಕೆ ಯಾರೂ ಕೊಳೆತದ್ದನ್ನು ಒರೆಸಿ ತಿನ್ನುವುದಿಲ್ಲ.

ಆ ಮೇಲೂ ಅವಳಿಗೆ ಅರ್ಥವಾದದ್ದು ಒಂದೇ ಸಲಕ್ಕಲ್ಲ. ಹಣ್ಣು ಬಂತು, ಕಾಫಿ ಬಂತು, ಜೆಮ್ಮಾಳಿಗೆಂದು ಚಾಕೊಲೇಟು ಕಟ್ಟಿಸಿಕೊಂಡರು. ಕಮಾನುಗಳ ಕೆಳಗೆ ದೀಪ ಹತ್ತಿಕೊಳ್ಳುವ ಹೊತ್ತಿಗೆ ಅವಳು ಎರ್ಸಿಲಿಯಾರ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು, ಕಳ್ಳನನ್ನು ಹಿಂಬಾಲಿಸುವವಳ ಹಾಗೆ. ಹೇಜಲ್ ಬೀಜ ಹುರಿಯುವ ಬಾಗಿಲಿಂದ ಬಂದ ಹೊಗೆಯಲ್ಲಿ ದಾರಿಹೋಕರೆಲ್ಲ ತಲೆ ತಿರುಗಿಸಿದರು. ಎರ್ಸಿಲಿಯಾ ತಿರುಗಿಸಲಿಲ್ಲ. ಸಿಲ್ವಾನಾಳ ನಡಿಗೆ ನಿಂತುಹೋಯಿತು. ಕಲಸಿದ ಲೋಟ. ಲವಂಗಕ್ಕೆ ಏನೂ ಅನ್ನದ ಬಾಯಿ. ಆಮೇಲೆ, ಸೆಪ್ಟೆಂಬರಿನಲ್ಲಿ ಒಂದು ರಾತ್ರಿ, ನಿದ್ದೆಯ ಅಂಚಿನಲ್ಲಿ ಜೆಮ್ಮಾ ಹೇಳಿದ್ದು, ಅಮ್ಮಾ, ಅಜ್ಜಿ ಮನೆ ಒಲೆ ಈಗ ನಾನೇ ನೋಡ್ಕೋತೀನಿ. ಮಾರನೆಯ ದಿನ ತಾನು ಸಿಟ್ಟಾಗಿದ್ದು ಮಗುವಿನ ಕೈಲಿ ಕೆಲಸ ಮಾಡಿಸುತ್ತಾರೆಂದು. ಕೇಳಲು ಪುರಸೊತ್ತಾಗಿರಲಿಲ್ಲ.

ವಾಪಸು ರೈಲಿನ ಬೋಗಿಯಲ್ಲಿ ಅವರಿಬ್ಬರಲ್ಲದೆ ತಲೆ ಬಾಗಿಸಿ ಮಲಗಿದ ಒಬ್ಬ ಸೈನಿಕನಷ್ಟೇ ಇದ್ದ. ಎರ್ಸಿಲಿಯಾ ಕಿಟಕಿಯ ಕತ್ತಲನ್ನು ನೋಡುತ್ತ "ಮೆತ್ತಗಿತ್ತು" ಎಂದರು.

"ಏನು?"

"ನೀನು ಆರಿಸಿದ ಗಡ್ಡೆ. ಹೆಬ್ಬೆರಳು ಒಳಗಿಳೀತು. ನೀರು ಕುಡಿದದ್ದು. ಅಪ್ಪ ಇದ್ದಿದ್ದರೆ ಅದನ್ನ ಹಂದಿಗೂ ಹಾಕ್ತಿರಲಿಲ್ಲ." ತಿರುಗಿ ನೇರವಾಗಿ ಅವಳ ಮುಖ ನೋಡಿದರು. "ನನಗೆ ಒಂದೇ ಗೊತ್ತಾಗಬೇಕು. ನಿನಗೆ ಮೂಸೋಕೆ ಬರಲಿಲ್ಲವೋ, ಇಲ್ಲ ಬೇಕಂತ ಮಾಡಿದೆಯೋ?"

ಬರಲಿಲ್ಲ ಎಂದುಬಿಡಬಹುದಿತ್ತು. ಲವಂಗದ ಕೈ ಎದುರಿಗೇ ಇತ್ತು, ಬೇಕಾದಷ್ಟು ಸಾಕ್ಷಿ. ಅದೇ ಮರ್ಯಾದೆಯ ಉತ್ತರ. ಇಬ್ಬರೂ ಅದನ್ನು ನಂಬಿದ ಹಾಗೆ ಮಾಡಿ ಇನ್ನು ಹತ್ತು ವರ್ಷ ಬಾಗಿಲಲ್ಲಿ ನಿಂತು ಮಗುವಿನ ಚೀಲ ದಾಟಿಸಬಹುದಿತ್ತು.

"ಬೇಕಂತ ಮಾಡಿದೆ" ಎಂದಳು ಸಿಲ್ವಾನಾ.

ಎರ್ಸಿಲಿಯಾ ಅಷ್ಟು ಹೊತ್ತು ನೆಟ್ಟಗಿಟ್ಟಿದ್ದ ಬೆನ್ನನ್ನು ಸೀಟಿಗೆ ಒರಗಿಸಿದರು. "ಸದ್ಯ" ಎಂದರು. "ಮನೆಗೆ ಒಂದು ಮೂಗಾದರೂ ದೊಡ್ಡವರದ್ದು ಇರಬೇಕು."

ಆಮೇಲೆ ಹೇಳಿದರು. ಅಳುಕದೆ, ಬೇರೆಯವರ ಮನೆಯ ವಿಷಯದ ಹಾಗೆ. ಫೆಬ್ರವರಿಯ ಜ್ವರದಲ್ಲಿ ಹೋದ ವಾಸನೆ ಮತ್ತೆ ಬರಲಿಲ್ಲ. ಉಪ್ಪು ಗೊತ್ತಾಗುತ್ತೆ, ಸಿಹಿ ಗೊತ್ತಾಗುತ್ತೆ, ಕಾಫಿ ಕಲಸಿಕೊಂಡರೆ ಕಹಿಯಾದರೂ ಸಿಗುತ್ತೆ. ಉಳಿದದ್ದೆಲ್ಲ ಗೋಡೆ. ಆಲ್ಬಾದಲ್ಲಿ ಯಾರಿಗೂ ತಿಳಿಯದು, ಕೊರ್ರಾದೊಗೂ ತಿಳಿಯದು. ಗಡ್ಡೆ ತಂದವರಿಗೆ ಹೆಬ್ಬೆರಳಲ್ಲಿ ಒತ್ತಿ ಹೇಳಿ ಕಳಿಸುತ್ತಿದ್ದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಜೆಮ್ಮಾ ಶಾಲೆಯಿಂದ ಬರುವಾಗ ನನಗಿಂತ ಮುಂದೆ ಓಡಿ ಮನೆಯ ಬೀಗ ತೆಗೆದವಳು ಬಾಗಿಲಲ್ಲೇ ಕೂಗಿದಳು, ಗ್ಯಾಸು ಅಂತ. ನಾನು ಒಳಗೆ ಹೋಗಿ, ಎಲ್ಲಿ ಅಂತ ಕೇಳಿದೆ. "ಎಲ್ಲಿ ಅಂತ ಕೇಳಿದೆ ಕಣೇ. ಆ ಮಗು ನನ್ನ ಮುಖ ನೋಡಿತು, ಗೊತ್ತಾಗಿ ಹೋಯ್ತು ಅದಕ್ಕೆ. ಕಿಟಕಿ ಎಲ್ಲಾ ಅದೇ ತೆಗೀತು." ಅಂದಿನಿಂದ ಹಾಲು, ಮಾಂಸ, ಬೆಣ್ಣೆ ಎಲ್ಲ ಅವಳೇ ಮೂಸಿ ಹೇಳುವುದು. ಅಮ್ಮನಿಗೆ ಹೇಳಬೇಡ ಎಂದು ನಾನೇ ಹೇಳಿದ್ದೆ. ಮರುದಿನವೇ ಗ್ಯಾಸು ತೆಗೆಸಿ ಕರೆಂಟಿನ ಒಲೆ ಹಾಕಿಸಿದೆ. ಆದರೂ ನಿನಗೆ ಹೇಳದೆ ಇರುವುದು ಸರಿಯಲ್ಲ.

"ಬೆಳಗ್ಗಿಂದ ಹೇಳೋಣ ಅಂತ ಇದ್ದೆ. ಆಗಲಿಲ್ಲ. ಇನ್ನು ಮೇಲೆ ನಮ್ಮ ಮನೆಗೆ ಮಗೂನ ಕಳಿಸಲ್ಲ ಅಂದರೆ, ಕಳಿಸಬೇಡ. ನಾನು ಏನೂ ಅನ್ನಲ್ಲ."

ಸಿಲ್ವಾನಾಳಿಗೆ ಮೊದಲು ಬಂದದ್ದು ಸಿಟ್ಟು. ನನ್ನ ಮಗು ಗ್ಯಾಸು ತುಂಬಿದ ಮನೆಯ ಹೊಸ್ತಿಲಲ್ಲಿ ನಿಂತದ್ದು, ಕಿಟಕಿ ತೆಗೆಯಲು ಒಳಗೆ ಓಡಿದ್ದು. ಎದುರಿನವಳನ್ನು ಹಿಡಿದು ಅಲುಗಿಸಬೇಕೆನಿಸಿತು. ಅದರ ಹಿಂದೆಯೇ ಬಂದದ್ದು ಇನ್ನೊಂದು. ಈಗ ಕೇಳಬೇಕಾದವರು ಅವರು, ಕೊಡಬೇಕಾದವಳು ನಾನು. ಅದರ ರುಚಿ ಬಾಯಿಗೆ ಬಂತು, ಒಳ್ಳೆಯ ರುಚಿಯೇ. ಅದನ್ನು ಸವಿಯುತ್ತಿರುವ ತನ್ನನ್ನು ಕಿಟಕಿಯ ಗಾಜಿನಲ್ಲಿ ಕಂಡಳು, ಬೂದುಬಣ್ಣದ ಹೊಸ ಕೈಗವಸು ತೊಟ್ಟು ನೆಟ್ಟಗೆ ಕೂತವಳನ್ನು. ಮೂರನೆಯದು ಬಂದಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಇದೂ ಲೆಕ್ಕವಿರಬಹುದೆ? ತಾವಾಗಿ ಹೇಳಿದರೆ ಬೇಡವೆನ್ನಲಾರಳು ಎಂದು ಗೊತ್ತಿದ್ದೇ ಹೇಳಿರಬಹುದೆ? ಕಳಿಸದಿದ್ದರೆ ಬೇರೆ ಎಲ್ಲಿಗೆ ಕಳಿಸುತ್ತಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಅನುಮಾನಕ್ಕೆ ಬುಡವಿರಲಿಲ್ಲ. ಬುಡವಿಲ್ಲದೆಯೂ ಅದು ಬೆಳೆಯುತ್ತಿತ್ತು, ಮಣ್ಣೊಳಗೆ.

"ಜಿನೀವಾಗೆ ಕೇಳೋಕೆ ಕರೆದಿದೀರಿ ಅಂದುಕೊಂಡಿದ್ದೆ" ಎಂದಳು.

"ಕೊರ್ರಾದೊ ಕೇಳಿದ. ಕೊಡಿಸು ಅಂತ." ಎರ್ಸಿಲಿಯಾ ಕೈಗವಸನ್ನು ಮಡಿಲಲ್ಲಿ ಸರಿಪಡಿಸಿದರು. "ಆಗಲ್ಲ, ಅಲ್ಲಿ ಕೆರೆಗೆ ವಾಸನೆ ಇಲ್ಲ ಕಣೋ ಅಂದೆ."

ಸಿಲ್ವಾನಾಳಿಗೆ ನಗು ಬಂತು, ಬೇಡವೆಂದರೂ. ಕಳಿಸುತ್ತೇನೆಂದು ಅವಳು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ರೈಲು ಗುಡ್ಡಗಳ ನಡುವೆ ನುಗ್ಗಿತು.

ಆಲ್ಬಾದಲ್ಲಿ ನೆರೆಮನೆಯ ಪಿಯೆರಾ ಜೆಮ್ಮಾಳನ್ನು ಕರೆದುಕೊಂಡು ಪ್ಲಾಟ್‌ಫಾರ್ಮಿಗೇ ಬಂದಿದ್ದಳು. ಹುಡುಗಿ ಓಡಿ ಬಂದು, ಇಬ್ಬರೂ ಜೊತೆಯಲ್ಲಿ ಇಳಿಯುವುದನ್ನು ಕಂಡು, ನಾಲ್ಕು ಹೆಜ್ಜೆ ಆಚೆಯೇ ನಿಂತಳು. ಅಜ್ಜಿಯ ಕೈಗೆ ಮೂಗಿಡಲು ಹೋದವಳು ತಾಯಿಯನ್ನು ನೋಡಿ ತಡೆದುಕೊಂಡು, ಶೀತವಾದವರ ಹಾಗೆ ಮೂಗನ್ನು ತೋಳಿನಿಂದ ಒರೆಸಿಕೊಂಡಳು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಬಚ್ಚಿಡುವುದನ್ನು, ಎನಿಸಿತು ಸಿಲ್ವಾನಾಳಿಗೆ. ಅದನ್ನು ಕಲಿಸಿದ್ದು ಅಜ್ಜಿಯೊಬ್ಬರೇ ಅಲ್ಲ. ಅವಳು ಬಗ್ಗಿ, ಒಂದೊಂದೇ ಬೆರಳು ಎಳೆದು ಕೈಗವಸನ್ನು ಕಳಚಿದಳು. ದಾರಿಯುದ್ದಕ್ಕೂ ತೊಗಲಿನೊಳಗೆ ಬೆಚ್ಚಗಿದ್ದ ವಾಸನೆ ತಣ್ಣನೆಯ ಗಾಳಿಗೆ ಒಮ್ಮೆಲೆ ಎದ್ದಿತು. ಅಂಗೈಯನ್ನು ಮಗಳ ಮುಂದೆ ಹಿಡಿದಳು.

"ಮೂಸು. ಏನೇನಿದೆ ಹೇಳು, ಅಜ್ಜಿಗೆ ಕೇಳೋ ಹಾಗೆ."

ಜೆಮ್ಮಾ ಬಗ್ಗಲಿಲ್ಲ. ಅಜ್ಜಿಯ ಮುಖವನ್ನು ನೋಡಿದಳು. ಆಮೇಲೆ ತಾಯಿಯ ಕೈಯನ್ನು, ಕೈಯಿಂದ ಕೋಟಿನ ತೋಳನ್ನು, ತೋಳಿನಿಂದ ಮುಖವನ್ನು. ಕಣ್ಣು ಸಣ್ಣಗೆ ಮಾಡಿಕೊಂಡು, ಒಂದೊಂದನ್ನೇ ತೂಗಿ. ಆ ನೋಟವನ್ನು ಸಿಲ್ವಾನಾ ಈಗಷ್ಟೇ ರೈಲಿನ ಗಾಜಿನಲ್ಲಿ, ತನ್ನದೇ ಮುಖದಲ್ಲಿ ನೋಡಿದ್ದಳು.

"ಯಾಕೆ?" ಎಂದಳು ಮಗಳು.

ಸಿಲ್ವಾನಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.